ಹಳೆಯ ನಳಿಗೆ, ಉಕ್ಕಿನ ಚರೆ ಮತ್ತು ಪ್ರಮಾದದ ಪ್ರಶ್ನೆ

ಹಳೆಯ ಜೋಡಿನಳಿಗೆ ಬಂದೂಕಿನಲ್ಲಿ ಸೀಸದ ಚರೆಯ ಬದಲು ಉಕ್ಕಿನ ಚರೆ ಹಾರಿಸಬಹುದೇ ಎಂದು ಕೇಳಿದಾಗ ಅದರ ಜೊತೆಗೇ ಬಹಳ ಹಳೆಯ ಇನ್ನೊಂದು ಪ್ರಶ್ನೆಯೂ ಏಳುತ್ತದೆ: ಬೇಕೆಂದು ಮಾಡದ ಹಿಂಸೆಗೆ ಮನುಷ್ಯ ಎಷ್ಟರಮಟ್ಟಿಗೆ ಹೊಣೆ? ಕೆರೆಯ ತಳ ಸೇರಿದ ಸೀಸದ ಚರೆ, ಯಾರೂ ಗುರಿಯಿಡದ ಹಕ್ಕಿಯನ್ನು ಎಷ್ಟೋ ಕಾಲದ ಮೇಲೆ ಕೊಲ್ಲುತ್ತದೆ. ಆ ಸಾವು ತಪ್ಪಲೆಂದು ತಂದ ಉಕ್ಕಿನ ಚರೆ ಅಜ್ಜನ ಕಾಲದ ನಳಿಗೆಯನ್ನು ಉಬ್ಬಿಸಬಹುದು. ನಳಿಗೆ ದುರ್ಬಲವಾಗಿದ್ದು ಕಾಡತೂಸು ಜೋರಿನದಾಗಿದ್ದರೆ ಸೀಳಲೂಬಹುದು. ಹಕ್ಕಿಯನ್ನು ವಿಷವಿಟ್ಟು ಕೊಲ್ಲಬೇಕೆಂದಾಗಲಿ, ಪಕ್ಕದಲ್ಲಿ ನಿಂತವನ ಕಣ್ಣು ತೆಗೆಯಬೇಕೆಂದಾಗಲಿ ಯಾರೂ ಬಯಸಿರುವುದಿಲ್ಲ. ಆದರೂ ಕೇಡು ಆಗಿಹೋಗಿರುತ್ತದೆ. ಬಾದಾಮಿ, ಐಹೊಳೆಗಳ ಬಂಡೆಗಳಲ್ಲಿ ತನ್ನ ಗುರುತು ಬಿಟ್ಟಿರುವ ಜೈನ ಚಿಂತನೆ ಈ ಪ್ರಶ್ನೆಯನ್ನು ಬಹಳ ಸೂಕ್ಷ್ಮವಾಗಿ ಬಿಡಿಸಿದೆ. ಅದನ್ನು ಬಂದೂಕಿಗೆ ಹಚ್ಚಿ ನೋಡುವ ಮೊದಲು ಚರೆಯ ಮತ್ತು ನಳಿಗೆಯ ಸಂಗತಿಯನ್ನು ಸರಿಯಾಗಿ ತಿಳಿಯಬೇಕು. ವಸ್ತುವಿನ ಗುಣ ಗೊತ್ತಿಲ್ಲದೆ ಹೊಣೆಯ ಮಾತು ಆಡಲಾಗದು.

ಕಾಳು ತಿನ್ನುವ ಹಕ್ಕಿಗಳಿಗೆ ಹಲ್ಲಿಲ್ಲ. ಅವು ಸಣ್ಣ ಹರಳುಗಳನ್ನು ನುಂಗಿ, ಹೊಟ್ಟೆಯೊಳಗಿನ ಗಟ್ಟಿ ಸ್ನಾಯುಚೀಲದಲ್ಲಿ ಅವುಗಳಿಂದಲೇ ಕಾಳನ್ನು ಅರೆದುಕೊಳ್ಳುತ್ತವೆ. ಬಾತುಕೋಳಿ ಕೆಸರಿನಲ್ಲಿ ಹರಳು ಹುಡುಕುವಾಗ ಸೀಸದ ಚರೆಯೂ ಕೊಕ್ಕಿಗೆ ಸಿಗುತ್ತದೆ. ಹೊಟ್ಟೆಯ ಆಮ್ಲ ಮತ್ತು ತಿಕ್ಕಾಟ ಸೇರಿ ಸೀಸವನ್ನು ಕರಗಿಸುತ್ತವೆ, ವಿಷ ರಕ್ತಕ್ಕೆ ಇಳಿಯುತ್ತದೆ. ರೆಕ್ಕೆ ಜೋತುಬಿದ್ದು, ಮೈ ಸೊರಗಿ ಹಕ್ಕಿ ಸಾಯುತ್ತದೆ. ಒಂದೆರಡು ಚರೆಗಳೇ ಒಂದು ಬಾತಿನ ಜೀವಕ್ಕೆ ಸಾಕಾಗಬಹುದು. ಸೀಸ ಹೊಕ್ಕ ದೇಹವನ್ನು ತಿಂದ ಹದ್ದು, ರಣಹದ್ದುಗಳಿಗೂ ಅದೇ ಗತಿ. ಇದು ಮನದಟ್ಟಾದ ಮೇಲೆ ಅಮೆರಿಕ 1991ರಿಂದ ಜಲಪಕ್ಷಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶದಾದ್ಯಂತ ನಿಷೇಧಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ತಿ ಕೈಬಿಟ್ಟಿತು. ಐರೋಪ್ಯ ಒಕ್ಕೂಟದ ಜೌಗುನೆಲಗಳಲ್ಲಿ 2023ರ ಫೆಬ್ರವರಿಯಿಂದ ಅದಕ್ಕೆ ತಡೆಯಿದೆ. ಸೀಸದ ಜಾಗಕ್ಕೆ ಅಗ್ಗವಾಗಿ ಸಿಕ್ಕಿದ್ದು ಉಕ್ಕು. ನಿಜವಾಗಿ ಹೇಳುವುದಾದರೆ ಮೆದು ಮಾಡಿದ ಕಬ್ಬಿಣ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂದು ಕಾಡುಹಕ್ಕಿಗಳ ಬೇಟೆಯೇ ಅಪರಾಧ. ಆಲಮಟ್ಟಿ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿನ ಮೇಲಾಗಲಿ, ಕೆಸರಿನಲ್ಲಿ ಕೊಕ್ಕಾಡಿಸುವ ರಾಜಹಂಸದ ಮೇಲಾಗಲಿ ಈಡು ಹಾರಿಸುವ ಹಕ್ಕು ಯಾರಿಗೂ ಇಲ್ಲ. ಆದರೂ ಇಲ್ಲಿ ಪ್ರಶ್ನೆ ಮುಗಿಯುವುದಿಲ್ಲ. ಬೆಳೆ ಕಾಯಲು ಪರವಾನಗಿ ಪಡೆದ ಬಂದೂಕುಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇವೆ. ವಾಡೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬಂದ ಇಂಗ್ಲಿಷ್, ಬೆಲ್ಜಿಯಂ ಬಂದೂಕುಗಳಿವೆ. ಹಿನ್ನೀರಿನ ಅಂಚಿನ ಹೊಲದಲ್ಲಿ ಹಂದಿ ಬೆದರಿಸಲು ಗಾಳಿಗೆ ಹಾರಿಸಿದ ಚರೆಯೂ ಕೊನೆಗೆ ಬೀಳುವುದು ಹಕ್ಕಿ ಮೇಯುವ ಅದೇ ಕೆಸರಿಗೆ. ಮಾರುಕಟ್ಟೆಯಲ್ಲಿ ಸಿಗುವ ಕಾಡತೂಸು ಬಹುಮಟ್ಟಿಗೆ ಸೀಸದ್ದೇ ಆದ್ದರಿಂದ, ಸೀಸ ಬೇಡವೆನ್ನುವವನು ಬೇರೆ ಚರೆಯ ಬಗ್ಗೆ ಯೋಚಿಸಲೇಬೇಕಾಗುತ್ತದೆ.

ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 11.3 ಗ್ರಾಂ, ಉಕ್ಕಿನದು 7.9 ಗ್ರಾಮಿನ ಆಸುಪಾಸು. ಒಂದೇ ಗಾತ್ರದ ಚರೆಯಲ್ಲಿ ಉಕ್ಕು ಸುಮಾರು ಮೂರನೇ ಒಂದು ಭಾಗ ಹಗುರ. ಹಗುರವಾದದ್ದು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಉಕ್ಕಿನ ಕಾಡತೂಸಿನಲ್ಲಿ ಚರೆಯನ್ನು ಒಂದೆರಡು ಅಳತೆ ದಪ್ಪ ಮಾಡುತ್ತಾರೆ, ವೇಗವನ್ನೂ ಹೆಚ್ಚಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ. ಸೀಸ ಮೆದು, ಮದ್ದು ಹೊತ್ತಿದ ಕ್ಷಣದಲ್ಲಿ ಅದು ಅಮುಕಿಕೊಂಡು, ಇಕ್ಕಟ್ಟಾದಲ್ಲಿ ಹಿಂಡಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಉಕ್ಕು ಬಗ್ಗುವುದಿಲ್ಲ. ಬಾಯಿಯ ಹತ್ತಿರ ಕಿರಿದಾಗುವ ನಳಿಗೆಯ ಭಾಗಕ್ಕೆ ಚೋಕ್ ಎನ್ನುತ್ತಾರೆ. ಹಳೆಯ ಜೋಡಿನಳಿಗೆಗಳಲ್ಲಿ ಸಾಮಾನ್ಯವಾಗಿ ಒಂದು ನಳಿಗೆ ಸಡಿಲು, ಇನ್ನೊಂದು ಬಿಗಿ. ಆ ಬಿಗಿ ನಳಿಗೆ ಅನೇಕ ಬಂದೂಕುಗಳಲ್ಲಿ ಫುಲ್ ಚೋಕ್ ಆಗಿರುತ್ತದೆ. ಬಗ್ಗದ ಚರೆಯ ರಾಶಿ ಅಲ್ಲಿಗೆ ಬಂದು ಒತ್ತಿದಾಗ ತೆಳು ನಳಿಗೆ ಬಳೆಯ ಆಕಾರದಲ್ಲಿ ಉಬ್ಬುತ್ತದೆ. ಎರಡೂ ನಳಿಗೆಗಳನ್ನು ಕೂಡಿಸಿ ಹಿಡಿದಿರುವ ಪಟ್ಟಿ ಮೆದು ಬೆಸುಗೆಯದು. ಒಂದು ನಳಿಗೆ ಉಬ್ಬಿದರೆ ಆ ಬೆಸುಗೆ ಬಿಡುತ್ತದೆ. ಹೊರಗಿನಿಂದ ನೋಡಿದರೆ ಮೊದಲಿಗೆ ಏನೂ ಕಾಣದಿರಬಹುದು.

ಒಳಗೋಡೆಯ ಗೀರು ಇನ್ನೊಂದು ಅಪಾಯ. ಸೀಸಕ್ಕೆಂದು ಮಾಡಿದ ಹಳೆಯ ನಳಿಗೆಗಳ ಉಕ್ಕು ಇಂದಿನದಕ್ಕಿಂತ ಮೆದು. ಉಕ್ಕಿನ ಚರೆ ನೇರವಾಗಿ ತಾಗಿದರೆ ಒಳಮೈ ಕೆರೆದುಹೋಗುತ್ತದೆ. ಇದಕ್ಕಾಗಿ ಉಕ್ಕಿನ ಕಾಡತೂಸಿನಲ್ಲಿ ಚರೆಯನ್ನು ದಪ್ಪ ಪ್ಲಾಸ್ಟಿಕ್ ಬಟ್ಟಲಿನೊಳಗೆ ಇಟ್ಟಿರುತ್ತಾರೆ. ಆ ಬಟ್ಟಲು ಚರೆಯೊಂದಿಗೇ ನಳಿಗೆಯ ಉದ್ದಕ್ಕೂ ಸಾಗಿ, ಹೊರಬಿದ್ದ ಮೇಲೆ ಬೇರ್ಪಡುತ್ತದೆ. ಹಳೆಯ ಖಾಲಿ ಕಾಡತೂಸಿಗೆ ಮನೆಯಲ್ಲೇ ಉಕ್ಕಿನ ಗುಂಡು ತುಂಬುವುದು ಅತ್ಯಂತ ಅಪಾಯಕಾರಿ ಎನ್ನುವುದು ಇದೇ ಕಾರಣಕ್ಕೆ. ಸೈಕಲ್ ಬೇರಿಂಗಿನ ಗುಂಡನ್ನು ನಾಡಬಂದೂಕಿಗೆ ತುಂಬುವ ರೂಢಿ ಹಲವು ಕಡೆ ಇದೆ. ಬೇರಿಂಗಿನ ಗುಂಡು ಕಾರ್ಖಾನೆಯ ಉಕ್ಕಿನ ಚರೆಗಿಂತ ಎಷ್ಟೋ ಪಟ್ಟು ಗಡಸು. ಅದನ್ನು ಜೋಡಿನಳಿಗೆಗೆ ತುಂಬುವವನು ನಳಿಗೆಯ ಆಯುಷ್ಯವನ್ನಷ್ಟೇ ಅಲ್ಲ, ತನ್ನ ಎಡಗೈಯನ್ನೂ ಪಣಕ್ಕಿಟ್ಟಂತೆ. ಮದ್ದಿನ ತೂಕ, ಚರೆಯ ತೂಕ, ಬಟ್ಟಲಿನ ಅಳತೆ ಇವುಗಳ ಲೆಕ್ಕ ಸ್ವಲ್ಪ ತಪ್ಪಿದರೂ ಒತ್ತಡ ಎಲ್ಲಿಗೋ ಏರುತ್ತದೆ.

ಮೂರನೆಯದು ಕೋಣೆಯ ಉದ್ದ. ಕಾಡತೂಸು ಕೂರುವ ಭಾಗ ಹಳೆಯ ಅನೇಕ ಇಂಗ್ಲಿಷ್ ಬಂದೂಕುಗಳಲ್ಲಿ ಎರಡೂವರೆ ಅಂಗುಲ, ಅಂದರೆ ಸುಮಾರು 65 ಮಿಲಿಮೀಟರ್. ಇಂದಿನ ಸಾಮಾನ್ಯ ಕಾಡತೂಸು 70 ಮಿಲಿಮೀಟರಿನದು. ಈ ಅಳತೆಯನ್ನು ಕಾಡತೂಸು ಬಿಚ್ಚಿದ ಮೇಲೆ ಲೆಕ್ಕ ಹಾಕುತ್ತಾರೆ. ಮಡಚಿದ ಬಾಯಿಯಿಂದಾಗಿ ಉದ್ದನೆಯ ಕಾಡತೂಸೂ ಗಿಡ್ಡ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ, ಬಂದೂಕು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಹಾರಿಸಿದಾಗ ಬಿಚ್ಚಿಕೊಂಡ ಬಾಯಿ ಮುಂದಿನ ಕಿರಿದಾದ ದಾರಿಯನ್ನು ಕಟ್ಟುತ್ತದೆ. ಕೂತಿತೆಂದ ಮೇಲೆ ಸರಿಹೊಂದಿತು ಎಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ.

ಇಷ್ಟನ್ನೂ ಇಟ್ಟುಕೊಂಡು ತಜ್ಞರು ಹೇಳುವ ದಾರಿ ಕಷ್ಟದ್ದೇನಲ್ಲ. ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿ ಮುದ್ರೆ ಬಿದ್ದ, ಗಟ್ಟಿಯಾದ ನಳಿಗೆಯಲ್ಲಿ, ಕೋಣೆಯ ಉದ್ದಕ್ಕೆ ತಕ್ಕ ಸಾಮಾನ್ಯ ದರ್ಜೆಯ ಉಕ್ಕಿನ ಕಾಡತೂಸನ್ನು ಹಾಫ್ ಚೋಕ್ ಅಥವಾ ಅದಕ್ಕಿಂತ ಸಡಿಲಾದ ನಳಿಗೆಯಿಂದ ಹಾರಿಸಬಹುದು. ಯುರೋಪಿನ ನಿಯಮಗಳಲ್ಲಿ ಹನ್ನೆರಡು ಬೋರಿನ ಸಾಮಾನ್ಯ ದರ್ಜೆಗೆ ಒತ್ತಡದ ಮಿತಿ 740 ಬಾರ್. ಹೆಚ್ಚಿನ ಒತ್ತಡದ ದರ್ಜೆಗೆ ಉಕ್ಕಿಗೆಂದೇ ಬೇರೆ ಪರೀಕ್ಷೆ ಆಗಿರಬೇಕು. ಅಂಥ ಬಂದೂಕಿನ ಮೇಲೆ ಲಿಲಿ ಹೂವಿನ ಗುರುತು ಇರುತ್ತದೆ. ಅಜ್ಜನ ಬಂದೂಕಿನಲ್ಲಿ ಅದು ಇರುವುದಿಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ತಿರುಚಿ ಬೆಸೆದ, ಮೈಮೇಲೆ ಅಲೆಯಂಥ ವಿನ್ಯಾಸ ಕಾಣುವ ಡಮಾಸ್ಕಸ್ ನಳಿಗೆಯಾದರೆ ಉಕ್ಕಿನ ಚರೆಯ ಮಾತೇ ಬೇಡ. ಫುಲ್ ಚೋಕ್ ನಳಿಗೆಗೂ ಬೇಡ. ಸೀಸವೂ ಬೇಡ, ನಳಿಗೆಯೂ ಕೆಡಬಾರದು ಎನ್ನುವವರಿಗೆ ಬಿಸ್ಮತ್ ಚರೆ ಇದೆ; ಅದರ ಸಾಂದ್ರತೆ ಸುಮಾರು 9.6, ಗುಣದಲ್ಲಿ ಮೆದು. ಬೆಲೆ ಮಾತ್ರ ಹೆಚ್ಚು. ಯಾವುದನ್ನು ಆರಿಸಿದರೂ ಮೊದಲು ಬಂದೂಕು ಬಲ್ಲವನೊಬ್ಬ ನಳಿಗೆಯ ಗೋಡೆಯ ದಪ್ಪ, ಒಳಗಿನ ತುಕ್ಕಿನ ಗುಳಿ, ಚೋಕಿನ ಅಳತೆ, ಕೋಣೆಯ ಉದ್ದ, ನಳಿಗೆಯ ಕೆಳಗಿನ ಮುದ್ರೆಗಳು ಇವನ್ನು ಉಪಕರಣ ಹಿಡಿದು ನೋಡಿರಬೇಕು. ಬರಿಗಣ್ಣಿಗೆ ಹೊಳೆಯುವ ನಳಿಗೆ ಒಳಗೆ ಸವೆದಿರಬಹುದು.

ಹೊಣೆಯ ಪ್ರಶ್ನೆ ಇಲ್ಲಿಂದ ಮುಂದೆ ಬರುತ್ತದೆ. ಇದೆಲ್ಲ ಗೊತ್ತಿಲ್ಲದೆ ಹಾರಿಸಿ, ನಳಿಗೆ ಒಡೆದು, ಪಕ್ಕದವನಿಗೆ ಗಾಯವಾದರೆ ಅದು ಹಿಂಸೆಯೋ, ಬರೀ ದುರ್ಘಟನೆಯೋ? ಹುನಗುಂದ ಸೀಮೆಯ ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತುವವರಿಗೆ ಅರ್ಧ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ತುದಿಯಲ್ಲಿರುವುದು ಕ್ರಿ.ಶ. 634ರ ಶಾಸನವಿರುವ ಜಿನಾಲಯ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ಅದನ್ನು ಕಟ್ಟಿಸಿ ಶಾಸನ ರಚಿಸಿದವನು ರವಿಕೀರ್ತಿ. ಒಂದೇ ಗುಡ್ಡದ ಈ ಎರಡು ಧರ್ಮಗಳು ಇದೇ ಪ್ರಶ್ನೆಯ ಮೇಲೆ ಶತಮಾನಗಳ ಕಾಲ ವಾದ ಮಾಡಿವೆ. ಬೌದ್ಧರ ಪ್ರಕಾರ ಚೇತನೆಯೇ, ಅಂದರೆ ಸಂಕಲ್ಪವೇ ಕರ್ಮ. ಕೊಲ್ಲುವ ಮನಸ್ಸಿಲ್ಲದಿದ್ದರೆ ಕೊಂದ ಪಾಪವೂ ಇಲ್ಲ. ಜೈನರು ಇದನ್ನು ಒಪ್ಪಲಿಲ್ಲ. ಸೂತ್ರಕೃತಾಂಗದಲ್ಲಿ ಅವರು ಎದುರಾಳಿಯ ಮಾತನ್ನು ತುದಿಗೆ ಒಯ್ದು ತೋರಿಸುತ್ತಾರೆ: ಸೋರೆಕಾಯಿ ಎಂದುಕೊಂಡು ಮಗುವನ್ನು ಚುಚ್ಚಿದವನಿಗೆ ದೋಷವಿಲ್ಲವೆಂದು ಒಪ್ಪಬೇಕೇ? ಬೌದ್ಧ ವಾದಕ್ಕೆ ಇದು ಪೂರ್ತಿ ನ್ಯಾಯ ಒದಗಿಸದಿರಬಹುದು, ಆದರೆ ಪ್ರಶ್ನೆ ಗಟ್ಟಿಯಾದದ್ದು. ಮಗುವೋ ಕಾಯಿಯೋ ಎಂದು ಒಮ್ಮೆ ಮುಟ್ಟಿ ನೋಡಬಹುದಿತ್ತಲ್ಲ?

ಹಾಗೆಂದು ಜೈನರು ಕೇವಲ ಫಲವನ್ನು ನೋಡಿ ತೀರ್ಪು ಕೊಡುವವರೂ ಅಲ್ಲ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಮುಂಚೆ ಪ್ರಮಾದವನ್ನು ಇಡುತ್ತದೆ: ಎಚ್ಚರಗೇಡಿ ಮನಸ್ಸು, ಮಾತು, ದೇಹಗಳ ನಡೆಯಿಂದ ಆದ ಪ್ರಾಣಹಾನಿಯೇ ಹಿಂಸೆ. ಕನ್ನಡ ನಾಡಿನ ಪೂಜ್ಯಪಾದರು ಇದಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಎರಡೂ ಬದಿಯನ್ನು ತೂಗುತ್ತಾರೆ. ನೆಲ ನೋಡಿಕೊಂಡು ಹೆಜ್ಜೆ ಇಡುವ ಮುನಿಯ ಕಾಲಡಿಗೆ ಥಟ್ಟನೆ ಹುಳು ಬಂದು ಸತ್ತರೆ ಅವನಿಗೆ ಕರ್ಮಬಂಧವಿಲ್ಲ. ನೋಡದೆ ನಡೆಯುವವನ ಕಾಲಿಗೆ ಒಂದು ಹುಳುವೂ ಸಿಗದಿದ್ದರೂ ಅವನು ಹಿಂಸಕನೇ. ಹತ್ತನೇ ಶತಮಾನದ ಹೊತ್ತಿನ ಅಮೃತಚಂದ್ರರ ಪುರುಷಾರ್ಥಸಿದ್ಧ್ಯುಪಾಯ ಇದೇ ವಿಚಾರವನ್ನು ಇನ್ನಷ್ಟು ಬಿಡಿಸುತ್ತದೆ. ಈ ಎರಡನೆಯ ಮಾತು ಬಂದೂಕಿನವರಿಗೆ ನೇರವಾಗಿ ತಾಗುವಂಥದು. ಅಳತೆ ನೋಡದೆ ಹಳೆಯ ನಳಿಗೆಗೆ ಹೊಸ ಕಾಡತೂಸು ತುಂಬಿ, ನೂರು ಸಲ ಹಾರಿಸಿ, ಏನೂ ಆಗದಿದ್ದರೆ ಅದು ಸುರಕ್ಷತೆಗೆ ಸಾಕ್ಷಿ ಎಂದು ಜನ ತಿಳಿಯುತ್ತಾರೆ. ಈ ದರ್ಶನದ ಲೆಕ್ಕದಲ್ಲಿ ಆ ನೂರು ಸಲವೂ ಹಿಂಸೆ ನಡೆದಿದೆ, ಗಾಯವೊಂದು ಆಗಿಲ್ಲ ಅಷ್ಟೆ.

ಕನ್ನಡ ಓದುಗರಿಗೆ ಪರಿಚಿತವಾದ ಎರಡು ಕಥೆಗಳನ್ನು ಪಕ್ಕಪಕ್ಕ ಇಟ್ಟರೆ ಈ ನಿಲುವು ಇನ್ನೂ ಸ್ಪಷ್ಟವಾಗುತ್ತದೆ. ದಶರಥ ಕತ್ತಲಲ್ಲಿ ಆನೆ ನೀರು ಕುಡಿಯುವ ಸದ್ದೆಂದು ಶಬ್ದವೇಧಿ ಬಾಣ ಬಿಟ್ಟ. ಬಿದ್ದವನು ಕುರುಡ ತಂದೆತಾಯಿಯ ಮಗ, ಕೊಡಕ್ಕೆ ನೀರು ತುಂಬುತ್ತಿದ್ದ ಹುಡುಗ. ಅಲ್ಲಿ ಆ ಹುಡುಗನನ್ನು ಕೊಲ್ಲುವ ಸಂಕಲ್ಪವಿರಲಿಲ್ಲ, ಸಾವು ಮಾತ್ರ ಆಯಿತು. ಜನ್ನನ ಯಶೋಧರ ಚರಿತೆಯಲ್ಲಿ ಇದಕ್ಕೆ ತಿರುಗುಮುರುಗು. ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಅಲ್ಲಿ ಸತ್ತದ್ದು ಹಿಟ್ಟು. ಆದರೂ ಕಡಿಯುವ ಸಂಕಲ್ಪ ಇದ್ದುದರಿಂದ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾಗಿ ಹಲವು ಜನ್ಮಗಳಲ್ಲಿ ಬಳಲುತ್ತಾರೆ. 1209ರಲ್ಲಿ ರಚಿತವಾದ ಈ ಕಾವ್ಯ ಸಂಕಲ್ಪದ ತೂಕವನ್ನು ಹೇಳಿದರೆ, ದಶರಥನ ಕಥೆ ಅಜಾಗರೂಕತೆಯ ತೂಕವನ್ನು ಹೇಳುತ್ತದೆ. ಸದ್ದು ಕೇಳಿ ಬಿಡುವ ಬಾಣ ಅವನ ಕೌಶಲವಾಗಿತ್ತು, ಅವನಿಗೆ ಅದರ ಹೆಮ್ಮೆಯೂ ಇತ್ತು. ಕಾಣದ ಗುರಿಗೆ ಬಿಡಬಾರದೆಂಬ ಮೊದಲ ಎಚ್ಚರವನ್ನು ನುಂಗಿದ್ದು ಆ ಕೌಶಲವೇ. ಗೋವಿನಜೋಳದ ಹೊಲದಲ್ಲಿ ಸರಬರ ಸದ್ದಾಯಿತೆಂದು ರಾತ್ರಿ ಈಡು ಹಾರಿಸಿ, ಹಂದಿಯೆಂದುಕೊಂಡದ್ದು ಮನುಷ್ಯನಾಗಿದ್ದ ದುರಂತಗಳು ಕರ್ನಾಟಕದ ಹಲವು ಕಡೆ ಆಗಿವೆ. ಅವುಗಳಲ್ಲಿ ಕಾಣುವುದು ದಶರಥನ ತಪ್ಪೇ.

ಪ್ರಮಾದವೆಂದರೆ ಕೇವಲ ಮರೆವಲ್ಲ. ಜೈನ ಶಾಸ್ತ್ರ ಅದನ್ನು ಹದಿನೈದು ಬಗೆಯಾಗಿ ಎಣಿಸುತ್ತದೆ: ನಾಲ್ಕು ವಿಕಥೆಗಳು, ಕ್ರೋಧ ಮಾನ ಮಾಯೆ ಲೋಭಗಳೆಂಬ ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಮತ್ತು ಪ್ರಣಯ ಅಥವಾ ಸ್ನೇಹ. ಮುನಿಗಳಿಗೆಂದು ಮಾಡಿದ ಈ ಪಟ್ಟಿ ಹೊಲದ ಅಟ್ಟಣಿಗೆಗೆ ಚೆನ್ನಾಗಿ ಹೊಂದುತ್ತದೆ. ವಿಕಥೆಯೆಂದರೆ ಹರಟೆ, ಕಾವಲಿಗೆ ಕೂತವರ ಗಮನವನ್ನು ಮೊದಲು ಸೆಳೆಯುವುದು ಅದು. ಬೆಳೆ ಹಾಳಾದ ಸಿಟ್ಟು ಕ್ರೋಧ. ಇರುವ ಕಾಡತೂಸನ್ನೇ ಹೇಗೋ ಮುಗಿಸೋಣವೆಂಬುದು ಲೋಭ. ಮೂರು ರಾತ್ರಿ ಎಚ್ಚರವಿದ್ದವನ ಕಣ್ಣಿಗೆ ನಿದ್ರೆಯ ಮಬ್ಬು ಸಹಜ. ಕೊನೆಯ ಪ್ರಮಾದ, ಸ್ನೇಹ, ಹಳೆಯ ಬಂದೂಕಿನ ವಿಷಯದಲ್ಲಿ ಎಲ್ಲಕ್ಕಿಂತ ಬಲವಾದದ್ದು. ಇದು ಅಪ್ಪ ಹಿಡಿದದ್ದು, ಅಜ್ಜ ಹಿಡಿದದ್ದು, ಒಮ್ಮೆಯೂ ಕೈಕೊಟ್ಟಿಲ್ಲ ಎಂಬ ಮಮಕಾರ ನಳಿಗೆಯನ್ನು ಅಳೆಯಲು ಬಿಡುವುದಿಲ್ಲ. ಅಳೆಯುವುದು ಅಪ್ಪನ ಮೇಲೆ ಅನುಮಾನ ಪಟ್ಟಂತೆ ಎನಿಸುತ್ತದೆ. ಆದರೆ ಅಪ್ಪ ಹಾರಿಸಿದ್ದು ಸೀಸ. ಅವನ ಅನುಭವ ಉಕ್ಕಿಗೆ ಸಾಕ್ಷಿಯಾಗಲಾರದು.

ಇದೇ ಶಾಸ್ತ್ರದ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡೆಗಳಲ್ಲಿ, ಆದಾನ-ನಿಕ್ಷೇಪಣ ಸಮಿತಿ ಎಂಬುದೊಂದಿದೆ. ವಸ್ತುವನ್ನು ಎತ್ತಿಕೊಳ್ಳುವಾಗ, ಇಡುವಾಗ ನೋಡಿ, ಒರೆಸಿ, ನಿಧಾನವಾಗಿ ಮಾಡಬೇಕೆಂಬ ನಿಯಮ. ಮುನಿಯ ಕಮಂಡಲು, ಪಿಂಛಗಳಿಗೆ ಹೇಳಿದ ಮಾತು ಅದು. ಬಂದೂಕಿಗೆ ಅದನ್ನು ಅಕ್ಷರಶಃ ಪಾಲಿಸಿದರೆ ಅರ್ಧ ಅಪಘಾತಗಳು ಆಗುವುದೇ ಇಲ್ಲ. ಕೈಗೆತ್ತಿಕೊಂಡ ಕೂಡಲೇ ಮುರಿದು, ಅಂದರೆ ಕೀಲಿನ ಬಳಿ ಬಗ್ಗಿಸಿ ತೆರೆದು, ಎರಡೂ ಕೋಣೆ ಖಾಲಿಯೇ ಎಂದು ನೋಡುವುದು. ನಳಿಗೆಯ ಆಚೆ ತುದಿಯ ಬೆಳಕು ಕಾಣುತ್ತದೆಯೇ, ಕಣಜದ ಹುಳು ಕಟ್ಟಿದ ಮಣ್ಣಿನ ಗೂಡೋ ಬಟ್ಟೆ ಚೂರೋ ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸುವುದು. ಬೇಲಿ ದಾಟುವ ಮೊದಲು ಕಾಡತೂಸು ತೆಗೆಯುವುದು. ಇಡುವಾಗ ಬಂದೂಕು ಒಂದು ಕಡೆ, ಕಾಡತೂಸು ಇನ್ನೊಂದು ಕಡೆ, ಎರಡಕ್ಕೂ ಬೀಗ. ಉಕ್ಕಿನ ಚರೆ ಬಳಸುವವನು ಪ್ರತಿ ಸಲವೂ ನಳಿಗೆಯ ಹೊರಮೈ ಮೇಲೆ, ವಿಶೇಷವಾಗಿ ಬಾಯಿಯಿಂದ ನಾಲ್ಕಾರು ಅಂಗುಲ ಹಿಂದಕ್ಕೆ, ಬೆರಳಾಡಿಸಿ ನೋಡಬೇಕು. ಬಳೆಯಂಥ ಉಬ್ಬು ತಾಗಿದರೆ, ಪಟ್ಟಿಯ ಬೆಸುಗೆ ಬಿಟ್ಟಂತೆ ಕಂಡರೆ ಮತ್ತೆ ಹಾರಿಸಕೂಡದು.

ಗುರಿಯ ಆಚೆಗೂ ಎಚ್ಚರ ಬೇಕು. ಸೀಸದ ಚರೆ ಗಟ್ಟಿ ಬಂಡೆಗೆ ಬಡಿದರೆ ಚಪ್ಪಟೆಯಾಗುತ್ತದೆ. ಉಕ್ಕಿನದು ಹಾಗಲ್ಲ, ಪುಟಿದು ಬರುತ್ತದೆ. ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ನಡುವೆ, ಇಳಕಲ್ಲಿನ ಗ್ರಾನೈಟ್ ಗಣಿಗಳ ಸುತ್ತಲಿನ ಕಲ್ಲುನೆಲದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಎರಿ ಹೊಲದ ಮೆತ್ತನೆ ಮಣ್ಣು ಚರೆಯನ್ನು ನುಂಗಿಕೊಳ್ಳುತ್ತದೆ, ಕಲ್ಲಿನ ಒಡ್ಡು ತಿರುಗಿ ಕಳಿಸುತ್ತದೆ. ನೀರಿನ ಮೇಲ್ಮೈಗೆ ಓರೆಯಾಗಿ ಬಿದ್ದದ್ದೂ ಜಿಗಿಯುತ್ತದೆ. ಹಾರಿಸುವವನೂ ಜೊತೆಗಿದ್ದವರೂ ಕಣ್ಣಿಗೆ ಗಟ್ಟಿ ಕನ್ನಡಕ ಹಾಕಬೇಕೆನ್ನುವುದು ಇದಕ್ಕೆ. ಉಕ್ಕಿನ ಚರೆಯೊಂದಿಗೆ ಹೊರಬಿದ್ದ ಪ್ಲಾಸ್ಟಿಕ್ ಬಟ್ಟಲು ಹೊಲದಲ್ಲೇ ಉಳಿಯುತ್ತದೆ. ಆಡು ದನ ಅದನ್ನು ತಿನ್ನಬಹುದು. ಸೀಸದ ವಿಷ ತಪ್ಪಿಸಿದೆನೆಂದು ಸಮಾಧಾನಪಡುವವನು ಆ ಬಟ್ಟಲನ್ನು ಹೆಕ್ಕಿ ತರಬೇಕು. ವಸ್ತು ಬದಲಾಯಿಸಿದ ಮಾತ್ರಕ್ಕೆ ಎಚ್ಚರದ ಕೆಲಸ ಕಡಿಮೆಯಾಗುವುದಿಲ್ಲ, ಬೇರೆ ಜಾಗಕ್ಕೆ ಹೋಗುತ್ತದೆ.

ಇಷ್ಟು ಎಚ್ಚರವಿದ್ದರೆ ಬಂದೂಕು ಹಾರಿಸುವುದು ಒಪ್ಪಿತವೇ ಎಂಬ ಪ್ರಶ್ನೆ ಉಳಿಯುತ್ತದೆ. ಗೃಹಸ್ಥನ ಹಿಂಸೆಯನ್ನು ಜೈನರು ನಾಲ್ಕಾಗಿ ವಿಂಗಡಿಸುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಮನೆಗೆಲಸದ ಆರಂಭೀ, ಹೊಟ್ಟೆಪಾಡಿನ ಕಸುಬಿನ ಉದ್ಯೋಗೀ, ಎದುರಾಳಿಯಿಂದ ಕಾಪಾಡಿಕೊಳ್ಳುವ ವಿರೋಧೀ. ಅಣುವ್ರತ ಹಿಡಿದ ಗೃಹಸ್ಥನು ಮೊದಲನೆಯದನ್ನು ಪೂರ್ತಿ ಬಿಡಬೇಕು. ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಪುಲಕೇಶಿಯ ಯುದ್ಧಗಳನ್ನು ಹೊಗಳಿದ ರವಿಕೀರ್ತಿ ಅದೇ ಶಾಸನದಲ್ಲಿ ಜಿನನಿಗೆ ನಮಿಸಲು ಸಾಧ್ಯವಾದುದನ್ನು ಈ ವಿಂಗಡಣೆಯ ಬೆಳಕಿನಲ್ಲಿ ಅರ್ಥ ಮಾಡಿಕೊಳ್ಳಬಹುದು. ಮಹಾಭಾರತದ ಧರ್ಮವ್ಯಾಧ ಕೌಶಿಕನಿಗೆ ಹೇಳುವುದೂ ಇದರ ಹತ್ತಿರದ ಮಾತು: ನೇಗಿಲು ಹೂಡಿದವನು ಕೂಡ ನೆಲದಡಿಯ ಅಸಂಖ್ಯ ಜೀವಿಗಳನ್ನು ಕೊಲ್ಲುತ್ತಾನೆ. ಬೆಳೆ ಕಾಯುವುದು ಉದ್ಯೋಗೀ ಹಿಂಸೆಯ ಅಂಚಿನಲ್ಲಿ ನಿಲ್ಲುತ್ತದೆ. ಆದರೆ ಬೇಸರಕ್ಕೆ, ಗುರಿ ಪರೀಕ್ಷೆಗೆ, ಮಾಂಸದ ಆಸೆಗೆ ಹಾರಿಸಿದ್ದು ಅಲ್ಲಿಗೆ ಸೇರದು. ಕಾನೂನು ಕೂಡ ಇಲ್ಲಿ ಗೆರೆ ಎಳೆದಿದೆ. ಬೆಳೆ ಹಾಳು ಮಾಡುವ ಕಾಡುಪ್ರಾಣಿಯನ್ನು ಕೊಲ್ಲಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು; ಬೆಳೆ ರಕ್ಷಣೆಯ ಬಂದೂಕು ಪರವಾನಗಿ ಅದರ ಬದಲಿಗೆ ಬಾರದು. ಬೀಳಗಿ, ಮುಧೋಳ ಸೀಮೆಯ ಯಡಹಳ್ಳಿಯಲ್ಲಿ 2016ರಲ್ಲಿ ಚಿಂಕಾರ ವನ್ಯಧಾಮ ಘೋಷಣೆಯಾಗಿದೆ. ಅದರ ಅಂಚಿನ ಹೊಲಗಳಲ್ಲಿ ಕತ್ತಲಲ್ಲಿ ಹಾರಿಸಿದ ಒಂದು ಈಡು ಹಂದಿಯ ಬದಲು ಚಿಂಕಾರವನ್ನು ಉರುಳಿಸಿದರೆ ಕಾನೂನಿನ ಪ್ರಕಾರ ಅದು ಗಂಭೀರ ಅಪರಾಧ, ಪ್ರಮಾದದ ಲೆಕ್ಕದಲ್ಲೂ ಹಿಂಸೆ.

ಆಯುಧ ಮನುಷ್ಯನ ಬದುಕಿನ ಭಾಗವೇ ಆಗಿಬಿಡುವುದಕ್ಕೆ ಈ ಮುಧೋಳ ಸೀಮೆಯ ಇತಿಹಾಸದಲ್ಲೇ ದೊಡ್ಡ ಸಾಕ್ಷಿಯಿದೆ. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆ ಅವರ ಹೊಟ್ಟೆಪಾಡು, ಆಯುಧ ಅವರ ಮಾನ. ಜಡಗ, ಬಾಳ, ಹನುಮ, ರಾಮ ಮುಂತಾದವರ ಮುಂದಾಳ್ತನದಲ್ಲಿ ಬಂಡೆದ್ದ ಊರನ್ನು ಸೈನ್ಯ ಸುಟ್ಟು ನೆಲಸಮ ಮಾಡಿತು, ಅನೇಕರನ್ನು ಗಲ್ಲಿಗೇರಿಸಿತು. ಆ ಕಥೆ ಲಾವಣಿಯಾಗಿ ಉಳಿಯಿತು, ಜೆ. ಎಫ್. ಫ್ಲೀಟ್ ಅದನ್ನು ಸಂಗ್ರಹಿಸಿ ಪ್ರಕಟಿಸಿದರು. ಬಲವಂತದಿಂದ ಕಿತ್ತುಕೊಂಡ ಆಯುಧ ಸ್ವಾಭಿಮಾನದ ಗಾಯವಾಗುತ್ತದೆ ಎನ್ನುವುದಕ್ಕೆ ಹಲಗಲಿ ಸಾಕ್ಷಿ. ಹಳೆಯ ಬಂದೂಕಿನ ಮೇಲಿನ ಮಮಕಾರವನ್ನು ಹಗುರವಾಗಿ ಕಾಣಬಾರದು ಎನ್ನುವುದು ಇದಕ್ಕೇ. ಆದರೆ ಇಳಕಲ್ಲಿನಲ್ಲಿ ಇನ್ನೊಂದು ದಾರಿಯೂ ಹುಟ್ಟಿದೆ. ಅಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಒಡ್ಡಿ ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಮಹಾಂತ ಜೋಳಿಗೆಗೆ ಬಿದ್ದದ್ದು ತಾವಾಗಿ ಬಿಟ್ಟದ್ದು. ಅಲ್ಲಿ ಯಾರ ಮಾನವೂ ಹೋಗಲಿಲ್ಲ. ಹಾರಿಸಲು ಯೋಗ್ಯವಲ್ಲದ ನಳಿಗೆಯನ್ನು ತಾನಾಗಿಯೇ ಸುಮ್ಮನಾಗಿಸುವ ನಿರ್ಧಾರ ಈ ಎರಡನೆಯ ಜಾತಿಗೆ ಸೇರಿದ್ದು.

ಮಹಾನವಮಿಯ ಖಂಡೇಪೂಜೆಯಲ್ಲಿ ಉತ್ತರ ಕರ್ನಾಟಕದ ಮನೆಗಳು ಕುಡಗೋಲು, ಕೊಡಲಿ, ನೇಗಿಲುಗಳ ಜೊತೆ ಬಂದೂಕಿಗೂ ವಿಭೂತಿ ಕುಂಕುಮ ಹಚ್ಚುತ್ತವೆ. ವರ್ಷಕ್ಕೊಮ್ಮೆ ಹೊರಬರುವ ಆ ದಿನವೇ ಪರೀಕ್ಷೆಗೆ ತಕ್ಕ ದಿನ. ಪೂಜೆಗೆ ಇಡುವ ಮೊದಲು ಮುರಿದು ಖಾಲಿ ಮಾಡಿ, ನಳಿಗೆ ಒರೆಸಿ, ತುಕ್ಕು ನೋಡಿ, ಮುದ್ರೆಗಳನ್ನು ಓದುವುದು ಪೂಜೆಗೆ ಹೊರಗಿನ ಕೆಲಸವಲ್ಲ. ಸಂತೋಷಕ್ಕೆ ಗಾಳಿಯಲ್ಲಿ ಈಡು ಹಾರಿಸುವುದು ಮಾತ್ರ ಪೂಜೆಯ ಹೆಸರಿನಲ್ಲಿ ನಡೆಯುವ ಪ್ರಮಾದ. ಮೇಲೆ ಹೋದ ಚರೆ ಕೆಳಗೆ ಬರಲೇಬೇಕು.

ಬಂದೂಕನ್ನು ಇನ್ನೊಬ್ಬರಿಗೆ ಕೊಡುವುದಕ್ಕೂ ನಿಯಮವಿದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅನರ್ಥದಂಡದ, ಅಂದರೆ ವಿನಾಕಾರಣ ಮಾಡುವ ಕೇಡಿನ, ಐದು ಬಗೆಗಳಲ್ಲಿ ಹಿಂಸಾದಾನವನ್ನು ಎಣಿಸುತ್ತದೆ. ಕೊಡಲಿ, ಕತ್ತಿ, ಬೆಂಕಿ, ಆಯುಧ, ಸಂಕೋಲೆಗಳಂಥ ಕೊಲ್ಲುವ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದೇ ಅದು. ಕೊಟ್ಟವನು ಮನೆಯಲ್ಲೇ ಇದ್ದರೂ ಪಾಲುಗಾರ. ಒಂದು ರಾತ್ರಿಯ ಮಟ್ಟಿಗೆ ಪಕ್ಕದ ಹೊಲದವನಿಗೆ ಬಂದೂಕು ಎರವಲು ಕೊಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೂ ತಪ್ಪು, ಈ ಲೆಕ್ಕದಲ್ಲೂ ತಪ್ಪು. ದೋಷ ಗೊತ್ತಿದ್ದೂ ಹೇಳದೆ ಮಾರುವುದು ಇನ್ನೂ ದೊಡ್ಡದು. ಅಪ್ಪನ ಕಾಲಾನಂತರ ಬಂದೂಕು ತಾನಾಗಿ ಮಗನದಾಗುವುದಿಲ್ಲ. ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯ ಬಳಿ ಜಮಾ ಮಾಡಿ, ತನ್ನ ಹೆಸರಿಗೆ ಪರವಾನಗಿ ಸಿಕ್ಕ ಮೇಲಷ್ಟೇ ಪಡೆಯಬೇಕು. 2019ರ ತಿದ್ದುಪಡಿಯ ನಂತರ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬಂದೂಕು ಕೈ ಬದಲಾಗುವಾಗ ಅದರ ಜೊತೆ ಒಂದು ಕಾಗದವೂ ಹೋಗಬೇಕು: ಕೋಣೆಯ ಉದ್ದ ಎಷ್ಟು, ಯಾವ ನಳಿಗೆಯ ಚೋಕ್ ಯಾವುದು, ನಳಿಗೆ ಡಮಾಸ್ಕಸ್ ಹೌದೋ ಅಲ್ಲವೋ, ಯಾವ ಮದ್ದಿಗೆ ಪರೀಕ್ಷೆಯಾಗಿದೆ, ಉಕ್ಕಿನ ಚರೆ ನಡೆಯುತ್ತದೋ ಇಲ್ಲವೋ. ಬಲ್ಲವರಿಂದ ಅಳೆಸಿ ಬರೆಸಿದ ಆ ವಿವರವನ್ನು ಪರವಾನಗಿ ಪುಸ್ತಕದೊಂದಿಗೇ ಇಟ್ಟರೆ, ಮುಂದೆ ಕಾಡತೂಸು ಕೊಳ್ಳುವ ಮಗ ಅದನ್ನು ಅಂಗಡಿಗೆ ಒಯ್ದು ತೋರಿಸಬಹುದು.